ಪಂಚಗಂಗಾವಳಿಯ ಭರತ ಮತ್ತು ವಿದ್ಯುತ್ತಿನ ಲೆಕ್ಕ

ಐದು ನದಿಗಳು ಕೂಡುವ ಗಂಗೊಳ್ಳಿ ಅಳಿವೆಗೆ ಕಟ್ಟೆ ಕಟ್ಟಿದರೆ ದಿನಕ್ಕೆರಡು ಬಾರಿ ಬರುವ ಭರತದಿಂದ, ಅಂದರೆ ಕಡಲಿನ ಉಬ್ಬರದಿಂದ, ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಿಗೆ ಹಗಲಿರುಳೂ ವಿದ್ಯುತ್ ದೊರೆಯುತ್ತದೆ ಎಂಬ ವಾದ ಪ್ರಕಟವಾಗಿದೆ. ಭರತ ತಪ್ಪದೆ ಬರುತ್ತದೆ ಎಂಬಷ್ಟು ಮಾತ್ರ ಇದರಲ್ಲಿ ನಿಜ.

ಭರತವನ್ನು ಏರಿಸುವುದು ನದಿಗಳ ಸಂಖ್ಯೆಯಲ್ಲ. ಚಂದ್ರ ಮತ್ತು ಸೂರ್ಯರ ಸೆಳೆತ ಭೂಮಿಯ ಎಲ್ಲ ಭಾಗಗಳ ಮೇಲೂ ಒಂದೇ ಪ್ರಮಾಣದಲ್ಲಿ ಇಲ್ಲದಿರುವುದರಿಂದ ಹುಟ್ಟುವ ಈ ಏರಿಳಿತವನ್ನು ಹಿಗ್ಗಿಸುವುದರಲ್ಲೂ ಕುಗ್ಗಿಸುವುದರಲ್ಲೂ ತೀರದ ಆಕಾರದ ಪಾಲು ದೊಡ್ಡದು. ಆಲಿಕೆಯಂತೆ ಕಿರಿದಾಗುವ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಭರತ ಮತ್ತು ಇಳಿತಗಳ ಮಟ್ಟದ ಅಂತರ 10 ಮೀಟರ್ ಮುಟ್ಟುವುದುಂಟು; ತೆರೆದ ಕಡಲಿಗೆ ಮುಖಮಾಡಿದ ಉಡುಪಿ ಕರಾವಳಿಯಲ್ಲಿ ಅದು ಹುಣ್ಣಿಮೆ, ಅಮಾವಾಸ್ಯೆಗಳಲ್ಲೂ 2 ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಟ್ಟೆಯ ಹಿಂದೆ ಹಿಡಿದ ನೀರಿನ ಶಕ್ತಿ ಈ ಅಂತರದ ವರ್ಗಕ್ಕೆ ಅನುಗುಣವಾದ್ದರಿಂದ, 1966ರಲ್ಲಿ ಆರಂಭವಾದ ಫ್ರಾನ್ಸಿನ 240 ಮೆಗಾವಾಟಿನ ರಾನ್ಸ್ ಸ್ಥಾವರದ ಸುಮಾರು 8 ಮೀಟರ್ ಅಂತರದ ಎದುರು ಇಲ್ಲಿನ 2 ಮೀಟರ್ ಕಾಲುಭಾಗವಾಗುವುದಿಲ್ಲ, ಅಷ್ಟೇ ವಿಸ್ತೀರ್ಣದ ನೀರಿಗೆ ಹದಿನಾರರಲ್ಲಿ ಒಂದು ಪಾಲಾಗುತ್ತದೆ.

‘ಹಗಲಿರುಳೂ’ ಎಂಬ ಮಾತಂತೂ ನಿಲ್ಲದು: ಕಟ್ಟೆಯ ಎರಡೂ ಬದಿಯ ನೀರಿನ ಮಟ್ಟ ಸಮವಾಗುವ ಹೊತ್ತಿನಲ್ಲಿ ಟರ್ಬೈನಿಗೆ ನೀರಿನ ಒತ್ತಡವಿರುವುದಿಲ್ಲ, ಅಷ್ಟಮಿಯ ಆಸುಪಾಸಿನಲ್ಲಿ ಅಂತರವೇ ಕುಗ್ಗುತ್ತದೆ, ಇದನ್ನು ಬಲೆ ಬೀಸುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಳಿವೆಯಲ್ಲಿ ಕೂಡುವ ಐದು ನದಿಗಳಲ್ಲೊಂದಾದ ವಾರಾಹಿ ಹೊಸಂಗಡಿಯಲ್ಲಿ 460 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ನಡೆಸುತ್ತಿರುವುದು ಘಟ್ಟದ ನೂರಾರು ಮೀಟರ್ ಎತ್ತರದ ಬಲದಿಂದ. ಅಳಿವೆಗೆ ಬರುವಾಗ ನೀರಿನಲ್ಲಿ ಆ ಬಲ ಉಳಿದಿರುವುದಿಲ್ಲ. ಗಂಗೊಳ್ಳಿ ಬಂದರಿನ ಮೀನುಗಾರಿಕಾ ದೋಣಿಗಳು ಕಡಲಿಗಿಳಿಯುವುದೂ ಇದೇ ಅಳಿವೆಯ ಮೂಲಕ ಎಂಬುದನ್ನು ಆ ಬರಹ ಒಂದು ಸಾಲಿನಲ್ಲೂ ಗಮನಿಸಿಲ್ಲ.