ಸರ್ವರ್ ಎಂಬ ಕೆರೆಗೆ ಕೋಡಿ ಎಲ್ಲಿ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಜನ ಸರ್ಕಾರಕ್ಕೆ ಬಿಡಿಗಾಸಿನ ಖರ್ಚಿಲ್ಲದೆ ಎರಡು ಇಂಗ್ಲಿಷ್ ಪದ ಕಲಿತಿದ್ದಾರೆ: "ಸರ್ವರ್ ಡೌನ್". ನ್ಯಾಯಬೆಲೆ ಅಂಗಡಿಯ ಮುಂದೆ ಬೆಳಗಿನಿಂದ ಚೀಲ ಹಿಡಿದು ನಿಂತ ಮುದುಕಿಗೂ ಇದರ ಅರ್ಥ ಗೊತ್ತು. ಇವತ್ತು ಅಕ್ಕಿ ಇಲ್ಲ, ನಾಳೆ ಬಾ. ಎಣ್ಣೆ ಗಿರಣಿಯ ಕೂಲಿಕಾರನಿಗೆ ಅರ್ಥ ಇನ್ನೂ ಸ್ಪಷ್ಟ. ಇವತ್ತಿನ ಕೂಲಿ ಹೋಯಿತು, ನಾಳೆಯದೂ ಹೋಗಲಿದೆ.

ಅಧಿಕಾರಿವರ್ಗದವರು ಈ ಮಾತನ್ನಾಡುವ ಧಾಟಿಯನ್ನು ಗಮನಿಸಿರಿ. ಮಳೆ ಕೈಕೊಟ್ಟಿತು, ಸಿಡಿಲು ಬಡಿಯಿತು ಎಂಬಂತೆ ಹೇಳುತ್ತಾರೆ. ಯಾರ ತಪ್ಪೂ ಅಲ್ಲ, ಎಲ್ಲವೂ ದೈವೇಚ್ಛೆ ಎಂಬಂತೆ. ನಾವು ಇದನ್ನು ಒಪ್ಪುವುದಿಲ್ಲ. ಸರ್ವರ್ ದೇವರಲ್ಲ, ಯಂತ್ರ. ಯಂತ್ರದ ಸ್ವಭಾವವನ್ನು ಗಿರಣಿಯಲ್ಲಿ ದುಡಿಯುವವರಿಗೆ ಯಾರೂ ಕಲಿಸಬೇಕಾಗಿಲ್ಲ. ಶೇಂಗಾ ಸುಲಿಯುವ ಯಂತ್ರದ ಬಾಯಿಗೆ ಅದರ ಶಕ್ತಿಯ ಎರಡರಷ್ಟು ಕಾಯಿ ಸುರಿದರೆ ಅದು ಕಟ್ಟಿಕೊಂಡು ನಿಲ್ಲುತ್ತದೆ. ಆಗ ಯಾರೂ ಶೇಂಗಾವನ್ನು ಬೈಯುವುದಿಲ್ಲ. ಸರ್ವರ್ ನಿಂತಾಗ ಮಾತ್ರ, "ಎಲ್ಲರೂ ಒಟ್ಟಿಗೇ ಬಂದರೆ ಹೇಗಪ್ಪಾ?" ಎಂದು ಸಾಲಿನಲ್ಲಿ ನಿಂತ ಜನರನ್ನೇ ಕೇಳುತ್ತಾರೆ.

ಕೆಟ್ಟಿರುವುದು ಯಾವುದೆಂದು ಮೊದಲು ತಿಳಿಯಬೇಕು. ಪಡಿತರಕ್ಕಾಗಿ ನಾವು ಬೆರಳು ಒತ್ತಿದಾಗ ಆ ಗುರುತು ನಾಲ್ಕು ಕಡೆ ಹಾಯ್ದು ಹೋಗುತ್ತದೆ: ಅಂಗಡಿಯ ಯಂತ್ರ, ಅದರೊಳಗಿನ ಸಿಮ್ಮಿಗೆ ಸಿಗುವ ನೆಟ್‌ವರ್ಕ್, ಆಹಾರ ಇಲಾಖೆಯ ಸರ್ವರ್, ಆಧಾರ್ ಪ್ರಾಧಿಕಾರದ ಸರ್ವರ್. ಉತ್ತರ ಬರಬೇಕಾದದ್ದೂ ಅದೇ ದಾರಿಯಲ್ಲಿ. ನಾಲ್ಕರಲ್ಲಿ ಯಾವುದು ಕೈಕೊಟ್ಟರೂ ನಮಗೆ ಸಿಗುವ ಉತ್ತರ ಒಂದೇ, "ಸರ್ವರ್ ಡೌನ್". ಆದರೆ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಒಂದೇ ಅಂಗಡಿಯಲ್ಲಿ ತೊಂದರೆಯಾದರೆ ದೋಷ ಆ ಯಂತ್ರದ್ದು ಅಥವಾ ಸಿಮ್ಮಿನದು. ಊರಿನವರ ಫೋನುಗಳೂ ಸತ್ತಿದ್ದರೆ ಟವರಿನದು. ನಾಲ್ಕು ತಾಲ್ಲೂಕುಗಳಲ್ಲಿ ಏಕಕಾಲಕ್ಕೆ ನಿಂತರೆ ದೋಷ ಮೇಲಿನದು. ಬೆಳಗಿನ ಜಾವ ಸರಾಗವಾಗಿ ನಡೆದದ್ದು ಹತ್ತು ಗಂಟೆಗೆ ನಿಂತು, ರಾತ್ರಿ ಮತ್ತೆ ನಡೆದರೆ, ಬಹುಮಟ್ಟಿಗೆ ಅದು ಕೆಟ್ಟಿಲ್ಲ. ಹೊರಲಾರದ ಹೊರೆಯಿಂದ ಕುಸಿದಿದೆ. ನಮ್ಮ ತಕರಾರು ಮುಖ್ಯವಾಗಿ ಈ ಕೊನೆಯದರ ಬಗ್ಗೆ.

ಲೆಕ್ಕ ಹಾಕಿ ನೋಡೋಣ. ಒಂದು ಅಂಗಡಿಯಲ್ಲಿ 600 ಕಾರ್ಡುಗಳಿವೆ, ಒಬ್ಬರಿಗೆ 3 ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಒಟ್ಟು 30 ಗಂಟೆಯ ಕೆಲಸ; ದಿನಕ್ಕೆ 8 ಗಂಟೆಯಂತೆ ಸುಮಾರು 4 ದಿನ. ತಿಂಗಳ ಕೊನೆಯಲ್ಲಿ 3 ದಿನ ಮಾತ್ರ ಬಾಗಿಲು ತೆರೆದರೆ, ಸರ್ವರ್ ಬಂಗಾರದಂತೆ ನಡೆದರೂ ಕೆಲಸ ಮುಗಿಯದು. ಸರ್ವರ್ ನಿಧಾನವಾಗಿ 3 ನಿಮಿಷದ್ದು 6 ಆದರೆ ಸುಮಾರು 8 ದಿನ ಬೇಕು. ಯಂತ್ರ ಅರ್ಧ ತುಂಬಿದಾಗ ಕಾಯುವುದು ಅಲ್ಪ. ಹತ್ತರಲ್ಲಿ ಒಂಬತ್ತು ಪಾಲು ತುಂಬಿದಾಗ ಕಾಯುವ ಹೊತ್ತು ಹಲವು ಪಟ್ಟು ಬೆಳೆಯುತ್ತದೆ. ಉತ್ತರ ಬಾರದೆಂದು ನಾವು ಮತ್ತೆ ಮತ್ತೆ ಬೆರಳು ಒತ್ತುತ್ತೇವೆ. ಪ್ರತಿ ಒತ್ತೂ ಒಂದು ಹೊಸ ಅರ್ಜಿ. ಹಳೆಯ ಅರ್ಜಿಗಳೂ ಒಳಗೇ ಸಾಲಿನಲ್ಲಿವೆ. ಯಾರೂ ಕಾಯದಿರುವ ಉತ್ತರಗಳನ್ನು ಸಿದ್ಧಪಡಿಸುತ್ತ ಸರ್ವರ್ ಬಸವಳಿಯುತ್ತದೆ.

ಇದು ಬಡವರ ಅವಿವೇಕವೆಂದು ಯಾರೂ ನಗಬಾರದು. ದೊಡ್ಡ ದೊಡ್ಡ ಬ್ಯಾಂಕುಗಳೇ ಇದನ್ನು ಮಾಡಿವೆ. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಹಣಪಾವತಿ ಗಂಟೆಗಟ್ಟಲೆ ಕುಂಟಿತು. ಸೊಪ್ಪು ಮಾರುವವರಿಂದ ಹಿಡಿದು ಬಟ್ಟೆ ಅಂಗಡಿಯವರ ತನಕ ಇದರ ಬಿಸಿ ಅನುಭವಿಸಿದರು. ರಾಷ್ಟ್ರೀಯ ಪಾವತಿ ನಿಗಮವೇ ಬಳಿಕ ಕಂಡುಕೊಂಡ ಕಾರಣವೇನು? "ಹಿಂದಿನ ಹಣ ತಲುಪಿತೇ, ತಲುಪಿತೇ?" ಎಂದು ಕೆಲವು ಬ್ಯಾಂಕುಗಳು ಎಡೆಬಿಡದೆ ವಿಚಾರಣೆ ಕಳುಹಿಸಿದ್ದು. 90 ಸೆಕೆಂಡು ಕಾದು ಕೇಳಬೇಕೆಂಬ ನಿಯಮವಿತ್ತು, ಅದನ್ನು ಪಾಲಿಸಲಿಲ್ಲ. ಅದೇ ವರ್ಷದ ಆಗಸ್ಟ್ 1ರಿಂದ ನಿಯಮ ಬಿಗಿಯಾಯಿತು. ಖಾತೆಯ ಬಾಕಿ ನೋಡುವುದಕ್ಕೂ ಒಂದು ಆ್ಯಪಿಗೆ ದಿನಕ್ಕೆ 50 ಸಲವೆಂದು ಮಿತಿ ಬಂತು. ಮನಸ್ಸು ಮಾಡಿದರೆ ಪರಿಹಾರ ಉಂಟು ಎಂಬುದಕ್ಕೆ ಇದೇ ಸಾಕ್ಷಿ. ಬ್ಯಾಂಕಿನ ವ್ಯವಹಾರ ನಿಂತಾಗ ಬಂದ ಈ ಚುರುಕು ಬಡವನ ಅಕ್ಕಿ ನಿಂತಾಗ ಏಕೆ ಬರುವುದಿಲ್ಲ?

ನೀರಿನ ಹೊರೆ ಹೊರುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆಯ ಅಣೆಕಟ್ಟು 1907ರಲ್ಲಿ ಮುಗಿಯಿತು. ಅದಕ್ಕೆ ಕೋಡಿ ಇಟ್ಟರು. ಆ ಕೋಡಿ ಮೊದಲು ಹರಿದದ್ದು 1933ರಲ್ಲಿ. ಮತ್ತೆ ಹರಿಯಲು 89 ವರ್ಷ ಬೇಕಾಯಿತು, 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ. ತಲೆಮಾರುಗಳ ಕಾಲ ಬಾರದ ಪ್ರವಾಹಕ್ಕೂ ದಾರಿ ಬಿಟ್ಟು ಕಟ್ಟಿದ್ದರಿಂದ ಏರಿ ಉಳಿಯಿತು. ಕೋಡಿಯಿಲ್ಲದೆ ಕೆರೆ ಕಟ್ಟಿದವನನ್ನು ನಮ್ಮ ಹಳ್ಳಿಗಳಲ್ಲಿ ಇಂಜಿನಿಯರ್ ಎಂದು ಕರೆಯುವುದಿಲ್ಲ.

ಮಳೆ ಯಾವಾಗ ಬರುತ್ತದೆಂದು ಅಣೆಕಟ್ಟು ಕಟ್ಟಿದವರಿಗೆ ಗೊತ್ತಿರಲಿಲ್ಲ. ಸರ್ವರಿಗೆ ಬರುವ ಪ್ರವಾಹದ ತಾರೀಖನ್ನಾದರೋ ಸರ್ಕಾರವೇ ಗೊತ್ತುಮಾಡುತ್ತದೆ! ತಿಂಗಳ ಪಡಿತರಕ್ಕೆ ಕೊನೆಯ ದಿನ ಇಡುವುದು ಸರ್ಕಾರ. 2023ರ ಜುಲೈ 19ರಂದು ಗೃಹಲಕ್ಷ್ಮಿಯ ನೋಂದಣಿ ಆರಂಭಿಸಿದ್ದೂ ಸರ್ಕಾರ. ಪ್ರತಿ ಕುಟುಂಬಕ್ಕೆ ದಿನ, ವೇಳೆ, ಕೇಂದ್ರವನ್ನು ಸಂದೇಶದ ಮೂಲಕ ತಿಳಿಸುವ ಏರ್ಪಾಡು ಮಾಡಿದರು. ಜನರನ್ನು ಹಂಚಿ ಕರೆಯುವ ಆ ಆಲೋಚನೆ ಸರಿಯಾಗಿತ್ತೆಂದು ನಾವು ಒಪ್ಪುತ್ತೇವೆ. ಆದರೂ ಮೊದಲ ದಿನಗಳಲ್ಲಿ ಸರ್ವರ್ ಸೋತಿತು. ತಿಂಗಳಿಗೆ 2,000 ರೂಪಾಯಿಯ ಆಸೆಯಿಂದ ಬಂದ ತಾಯಂದಿರು ಕೇಂದ್ರಗಳ ಮುಂದೆ ಕೂತು ಬರಿಗೈಯಲ್ಲಿ ಹಿಂದಿರುಗಿದರು. ಮನೆಮನೆಯ ಲೆಕ್ಕ ಕೈಯಲ್ಲಿದ್ದವರಿಗೆ ಬರುವ ಜನರ ಅಂದಾಜು ಇರಲಿಲ್ಲವೆಂದರೆ ನಂಬುವವರು ಯಾರು?

ನ್ಯಾಯ ತಪ್ಪಿ ಮಾತನಾಡುವುದು ನಮ್ಮ ಪದ್ಧತಿಯಲ್ಲ. ಎಲ್ಲ ಪ್ರವಾಹವೂ ಜನರದಲ್ಲ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತತ್ತರಿಸಿದಾಗ, ದುರುದ್ದೇಶದಿಂದ ನಕಲಿ ಖಾತೆಗಳ ಮೂಲಕ ಅರ್ಜಿಗಳ ಮಳೆ ಸುರಿಸಲಾಗಿದೆಯೆಂದು ಸರ್ಕಾರ ಹೇಳಿತು. ಅಂಥ ಕಿಡಿಗೇಡಿತನವನ್ನು ಖಂಡಿಸುತ್ತೇವೆ. ಆದರೆ ಕಳ್ಳ ಬಂದನೆಂಬುದು ಬಾಗಿಲಿಗೆ ಅಗುಳಿ ಇಡದಿದ್ದುದಕ್ಕೆ ಸಮಾಧಾನವಾಗದು. ಹಾಗೆಯೇ, ಸರ್ವರ್ ನಿಂತಾಗ ಪಡಿತರ ಅಂಗಡಿಯವನ ಮೇಲೂ ಕೇಂದ್ರದಲ್ಲಿ ಕೂತ ಹುಡುಗನ ಮೇಲೂ ರೇಗುವುದು ತರವಲ್ಲ. ಅವರೂ ನಮ್ಮಂತೆ ದುಡಿದು ತಿನ್ನುವವರು. ಆ ಯಂತ್ರದ ಬೀಗದ ಕೈ ಅವರ ಹತ್ತಿರ ಇಲ್ಲ.

ವಿಚಿತ್ರವೆಂದರೆ, ಕಾಗದದ ಮೇಲೆ ಕೋಡಿ ಆಗಲೇ ಇದೆ. ನೆಟ್‌ವರ್ಕ್ ಸಿಗಲಿಲ್ಲ, ಬೆರಳಚ್ಚು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಕೂಡದು, ಕಾರ್ಡು ನೋಡಿ ಕೊಟ್ಟು ಬೇರೆ ಪುಸ್ತಕದಲ್ಲಿ ಬರೆದಿಡಬೇಕು ಎಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲಿಯೇ ರಾಜ್ಯಗಳಿಗೆ ಸೂಚಿಸಿತು. ನಿಮ್ಮ ಊರಿನ ಅಂಗಡಿಯಲ್ಲಿ ಆ ಪುಸ್ತಕವನ್ನು ನೀವು ಕಂಡಿದ್ದೀರಾ?

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಒಂದು, ನಾಲ್ಕು ಕೊಂಡಿಗಳಲ್ಲಿ ಯಾವುದು ಕಡಿಯಿತೆಂದು ಯಂತ್ರವೇ ಕನ್ನಡದಲ್ಲಿ ತೋರಿಸಬೇಕು. ಎರಡು, ವಿತರಣೆಯನ್ನು ತಿಂಗಳಿಡೀ ಹಂಚಬೇಕು. ಕೊನೆಯ ದಿನದ ಬೆದರಿಕೆ ನಿಲ್ಲಬೇಕು. ಮೂರು, ಅರ್ಧ ಗಂಟೆಯಲ್ಲಿ ಉತ್ತರ ಬಾರದಿದ್ದರೆ ಪುಸ್ತಕದಲ್ಲಿ ಬರೆದುಕೊಂಡು ಪಡಿತರ ಕೊಡಬೇಕು. ನಾಲ್ಕು, ಸರ್ವರ್ ಎಷ್ಟು ಗಂಟೆ ನಿಂತಿತು, ಎಷ್ಟು ಜನ ಬರಿಗೈಯಲ್ಲಿ ಹಿಂದಿರುಗಿದರು ಎಂಬುದನ್ನು ತಾಲ್ಲೂಕುವಾರು ಪ್ರತಿ ತಿಂಗಳೂ ಪ್ರಕಟಿಸಬೇಕು.

ನಾಲ್ಕನೆಯದು ಬಹಳ ಮುಖ್ಯ. ಅಕ್ಕಿ ಪಡೆದವರ ಲೆಕ್ಕ ಸರ್ವರಿನಲ್ಲಿ ಉಳಿಯುತ್ತದೆ. ಅಂಗಡಿಯ ಬಾಗಿಲಿನಿಂದಲೇ ಹಿಂದಿರುಗಿದವರ ಲೆಕ್ಕ ಯಾರಲ್ಲಿದೆ? 1963ರಲ್ಲಿ ಡಾ. ಲೋಹಿಯಾ ಅವರು ಲೋಕಸಭೆಯಲ್ಲಿ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೆಕ್ಕ ಮುಂದಿಟ್ಟು ಸರ್ಕಾರದ ಲೆಕ್ಕವನ್ನು ಎದುರಿಸಿದರು. ಬಡವರ ಪರ ವಾದಿಸುವವರು ಲೆಕ್ಕ ಹಿಡಿದೇ ವಾದಿಸಬೇಕೆಂಬುದು ನಾವು ಅಲ್ಲಿಂದ ಕಲಿತ ಪಾಠ.

ಸರ್ಕಾರ ಬರೆಯುವ ತನಕ ನಾವು ಬರೆಯೋಣ. ಪ್ರತಿ ಬೀದಿಯಲ್ಲಿ ಅಕ್ಷರ ಬಲ್ಲ ಒಬ್ಬರು ಒಂದು ನೋಟುಪುಸ್ತಕ ಇಡಲಿ: ತಾರೀಖು, ಯಂತ್ರ ನಿಂತ ಗಂಟೆ, ಹಿಂದಿರುಗಿದವರ ಸಂಖ್ಯೆ, ಹೋದ ಕೂಲಿ. ಮೂರು ತಿಂಗಳ ಪುಸ್ತಕಗಳನ್ನು ಒಟ್ಟುಮಾಡಿ ದುರ್ಗದ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡೋಣ. ಆ ಪುಸ್ತಕಗಳನ್ನು ತೆರೆಯಲು ಯಾವ ಸರ್ವರೂ ಬೇಕಾಗಿಲ್ಲ.