ಗೆರೆ ಎಳೆದವರೂ ನೆಲ ಬಲ್ಲವರೂ

ನಾಡಿನ ಎಲ್ಲೆಗಳನ್ನು ಯುದ್ಧಗಳು ನಿರ್ಧರಿಸುತ್ತವೆಂದು ಚರಿತ್ರೆಯ ಪಠ್ಯಗಳು ಹೇಳುತ್ತವೆ. ಯುದ್ಧ ಮುಗಿದ ಮೇಲೆ ಮೇಜಿನ ಮೇಲೆ ಹಾಸಿದ ಭೂಪಟದ ವಿಷಯವನ್ನು ಅವು ಹೇಳುವುದು ವಿರಳ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡವರಿಗೆ ತಾವು ಹಂಚಿದ ನೆಲದ ತಿಳಿವು ಅಷ್ಟಕ್ಕಷ್ಟೆ ಇತ್ತು. ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆ ಆರಂಭವಾದುದು ಅನಂತರ. ಮೊದಲು ಹಂಚಿಕೆ, ಆಮೇಲೆ ಅಳತೆ!

ಆ ಹಂಚಿಕೆಯ ಮತ್ತು 1818ರ ಮರಾಠಾ ಯುದ್ಧದ ಫಲವನ್ನು ದಾವಣಗೆರೆಯ ಸೀಮೆ ಬಹುಕಾಲ ಉಂಡಿತು. ದಾವಣಗೆರೆ, ಹರಿಹರಗಳು ಮೈಸೂರು ಸಂಸ್ಥಾನದವು. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರು ತಾಲ್ಲೂಕು, ಅದು ಮುಂಬಯಿ ಪ್ರಾಂತ. ಉತ್ತರದ ಹರಪನಹಳ್ಳಿ ಮದರಾಸು ಪ್ರಾಂತ. ಮೂರೂ ಕಡೆ ಆಡುತ್ತಿದ್ದ ಮಾತು ಕನ್ನಡವೇ. ಮಂಡಿಪೇಟೆಗೆ ಮಾಲು ತರುವ ರೈತನಿಗೆ ಈ ಎಲ್ಲೆಗಳಿಗಿಂತ ಧಾರಣೆ ಮುಖ್ಯ. ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲಿ 1902ರಲ್ಲಿ ಜನಿಸಿದ ಎಸ್. ನಿಜಲಿಂಗಪ್ಪನವರು ಮದರಾಸು ಪ್ರಾಂತದ ಪ್ರಜೆ; ಓದಿಗಾಗಿ ಬಂದುದು ಮೈಸೂರು ಸೀಮೆಯ ದಾವಣಗೆರೆಗೆ. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ಅವರೇ. ನದಿಯನ್ನು ಎಲ್ಲೆಯೆಂದು ಎಣಿಸುವುದು ಭೂಪಟಕಾರನ ಅನುಕೂಲ. ದಡದ ಜನಕ್ಕೆ ಅದು ದಾರಿ. ಇಂದಿಗೂ ಹರಿಹರದ ಹೆಸರನ್ನು ಹೊತ್ತ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ಆಚೆಯ ದಡದ ಕುಮಾರಪಟ್ಟಣದಲ್ಲಿ, ಬೇರೆ ಜಿಲ್ಲೆಯಲ್ಲಿ.

ಹಾಗಾದರೆ ಗೆರೆ ಎಳೆಯುವ ಕಾರ್ಯವನ್ನು ಭೂಗೋಳ ಪಂಡಿತರಿಗೆ ವಹಿಸಿದರೆ ಸಾಕೆ? 1919ರ ಪ್ಯಾರಿಸ್ ಶಾಂತಿ ಸಮ್ಮೇಳನ ಹಾಗೆ ಮಾಡಿ ನೋಡಿತು. ಅಮೆರಿಕದ ಇಸಾಯ ಬೋಮನ್, ಫ್ರಾನ್ಸಿನ ಎಮಾನ್ಯುಯಲ್ ದ ಮಾರ್ತೊನ್, ಸರ್ಬಿಯದ ಯೊವಾನ್ ಸ್ವಿಯಿಚ್ ಎಲ್ಲರೂ ಅಲ್ಲಿ ದುಡಿದರು. ಹಂಗೇರಿಯ ಭೂಗೋಳಶಾಸ್ತ್ರಜ್ಞ ಪಾಲ್ ಟೆಲೆಕಿ ಸಿದ್ಧಪಡಿಸಿದ ಕೆಂಪು ಪಟ ಈ ಪೈಕಿ ವಿಶೇಷವಾದುದು. ಹಂಗೇರಿಯನ್ನರನ್ನು ಕಡುಗೆಂಪಿನಲ್ಲಿ ತೋರಿಸಿ, ಜನ ವಿರಳವಾದ ಪ್ರದೇಶವನ್ನು ಬಿಳಿದಾಗಿ ಬಿಡಲಾಗಿತ್ತು. ಪರಿಣಾಮವಾಗಿ ರೊಮೇನಿಯನ್ನರು ಚದುರಿ ವಾಸಿಸುತ್ತಿದ್ದ ಬೆಟ್ಟಗಾಡು ಬರಿದೆಂಬಂತೆ ಕಂಡಿತು. ಅಂಕಿಗಳು ಸುಳ್ಳಾಗಿರಲಿಲ್ಲ, ಬಣ್ಣವೇ ವಕೀಲಿ ಮಾಡಿತು. ಪಾಂಡಿತ್ಯವು ಪಕ್ಷವನ್ನು ಹಿಡಿಯುವುದಿಲ್ಲವೆಂದು ನಂಬುವುದು ಮುಗ್ಧತೆ.

ಪಾಂಡಿತ್ಯವನ್ನು ಹೊರಗಿಟ್ಟ ಪ್ರಯೋಗ 1947ರಲ್ಲಿ ನಡೆಯಿತು. ಅದಕ್ಕೆ ಮೊದಲು ಭಾರತವನ್ನು ಕಂಡಿರದ ನ್ಯಾಯವಾದಿ ಸಿರಿಲ್ ರಾಡ್‌ಕ್ಲಿಫ್ ಜುಲೈ 8ರಂದು ಬಂದಿಳಿದರು. ಆಗಸ್ಟ್ 17ರಂದು ತೀರ್ಪು ಪ್ರಕಟವಾಯಿತು. ಪಂಜಾಬ್ ಗಡಿ ಆಯೋಗದಲ್ಲಿ ಅವರ ಜೊತೆಗಿದ್ದ ನಾಲ್ವರೂ ನ್ಯಾಯಾಧೀಶರು. ಓ.ಎಚ್.ಕೆ. ಸ್ಪೇಟ್ ಎಂಬ ಭೂಗೋಳಜ್ಞ ಲಾಹೋರಿನಲ್ಲಿದ್ದರಾದರೂ, ಅವರು ಒಂದು ಪಕ್ಷದ ವಾದಕ್ಕೆ ನೆರವಾಗಲು ಬಂದವರು. ಆ ನಾಲ್ವರಲ್ಲಿ ಒಬ್ಬರಾದ ಮೆಹರ್‌ಚಂದ್ ಮಹಾಜನರ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. 1966ರಲ್ಲಿ ಮಹಾರಾಷ್ಟ್ರ, ಮೈಸೂರು, ಕೇರಳಗಳ ಗಡಿ ವಿವಾದಕ್ಕೆ ನೇಮಕವಾದ ಏಕಸದಸ್ಯ ಆಯೋಗ ಅವರದೇ.

ಮಹಾಜನ್ ವರದಿ 1967ರಲ್ಲಿ ಬಂದಿತು: ಬೆಳಗಾವಿ ಕರ್ನಾಟಕದಲ್ಲಿಯೇ ಉಳಿಯಬೇಕು, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಬೇಕು. ಮಹಾರಾಷ್ಟ್ರ ಅದನ್ನು ತಿರಸ್ಕರಿಸಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕಾಸರಗೋಡು ಕೇರಳದಲ್ಲಿಯೇ ಉಳಿಯಿತು. ವರದಿ ತಮಗೆ ಹಿತವಾಗಿರುವುದರಿಂದ ಕನ್ನಡಿಗರು ಅದರ ವಿಧಾನವನ್ನು ಪರೀಕ್ಷಿಸಲು ಹೋಗಲಿಲ್ಲ. ಇದು ಸಹಜವಾದರೂ ಸಾಲದು. ಜನಗಣತಿಯ ಕಾಲಂನಲ್ಲಿ ಒಬ್ಬನಿಗೆ ಒಂದೇ ಮಾತೃಭಾಷೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮಲಯಾಳ ಆಡುವ ಕಾಸರಗೋಡಿನ ಕುಟುಂಬ ಯಾವ ಬಣ್ಣದಲ್ಲಿ ಅಚ್ಚಾಗಬೇಕು? ಗ್ರಾಮವನ್ನು ಘಟಕವಾಗಿ ಹಿಡಿದರೆ ಒಂದು ಗೆರೆ, ತಾಲ್ಲೂಕನ್ನು ಹಿಡಿದರೆ ಇನ್ನೊಂದು. ಅಂಕಿ ಎರಡರಲ್ಲೂ ಅದೇ.

ಭೂಗೋಳದ ವಾದ ಸದಾ ಕನ್ನಡಕ್ಕೆ ಒದಗುತ್ತದೆಂದು ಭಾವಿಸುವಂತೆಯೂ ಇಲ್ಲ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ (ಮೂವರಲ್ಲಿ ಒಬ್ಬರೂ ಭೂಗೋಳಜ್ಞರಲ್ಲ) 1955ರಲ್ಲಿ ತುಂಗಭದ್ರಾ ಯೋಜನೆಯ ನೆಪದಿಂದ ಬಳ್ಳಾರಿ, ಹೊಸಪೇಟೆಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಅಲ್ಲಿ ಭಾಷೆಯನ್ನು ನೀರು ಮೀರಿಸಿತು. ಕೇಂದ್ರ ಸರ್ಕಾರ ಅದನ್ನು ಒಪ್ಪದಿದ್ದುದರಿಂದ ಬಳ್ಳಾರಿ ಉಳಿಯಿತು. ಆದರೂ ಒಂದು ನದಿಯ ಅಣೆಕಟ್ಟು, ಕಾಲುವೆ, ಗದ್ದೆಗಳು ಬೇರೆ ಬೇರೆ ರಾಜ್ಯಗಳಲ್ಲಿರುವುದರ ತೊಡಕು ಕನಸಿನದಲ್ಲ. ಆ ವಾದಕ್ಕೆ ಘೋಷಣೆಯಿಂದಲ್ಲದೆ ಭೂಪಟದಿಂದಲೇ ಉತ್ತರ ಹೇಳಬಲ್ಲವರು ಕನ್ನಡನಾಡಿಗೆ ಬೇಕು. ಅಂಥವರು ಶಾಲೆಗಳಿಂದಲೇ ಬರಬೇಕಷ್ಟೆ.

ಇಲ್ಲಿಯೇ ಸಂಕಟ. ಭೂಗೋಳವು ಸಮಾಜ ವಿಜ್ಞಾನದ ಒಂದು ಮೂಲೆಯನ್ನು ಸೇರಿದೆ. ರಾಜ್ಯೋತ್ಸವದ ದಿನ ಮಕ್ಕಳು ಕರ್ನಾಟಕದ ರೇಖಾಪಟಕ್ಕೆ ಕೆಂಪು-ಹಳದಿ ತುಂಬುತ್ತಾರೆ. ಆ ರೇಖೆಯನ್ನು ಯಾರು, ಯಾವ ಲೆಕ್ಕದಿಂದ ಎಳೆದರೆಂದು ಕೇಳುವ ರೂಢಿ ಇಲ್ಲ. ಮಠಗಳ ಶಾಲೆಗಳಿಗೆ ಕೊಠಡಿ ಕಟ್ಟಿಸಿಕೊಟ್ಟ ದಾನಿಗಳಿದ್ದಾರೆ. ಭೂಪಟಗಳ ಕೊಠಡಿಯೊಂದಕ್ಕೆ ಬೇಕಾದ ವೆಚ್ಚ ಅದರ ಮುಂದೆ ಅಲ್ಪ. ಸರ್ವೆ ಇಲಾಖೆಯ ಹಾಳೆಗಳು, ಹಳೆಯ ಜಿಲ್ಲಾ ನಕ್ಷೆಗಳು, ತಿಳಿದು ಬೋಧಿಸುವ ಉಪಾಧ್ಯಾಯರೊಬ್ಬರು ಸಾಕು. ಮೊದಲ ಪಾಠಕ್ಕೆ ದೂರ ಹೋಗಬೇಕಾದುದಿಲ್ಲ. ಹರಪನಹಳ್ಳಿ 1953ರಲ್ಲಿ ಮದರಾಸನ್ನು ಬಿಟ್ಟು ಮೈಸೂರಿಗೆ ಬಂದಿತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಅನಂತರ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಈ ಪಟಗಳನ್ನೆಲ್ಲ ಒಂದೇ ಗೋಡೆಗೆ ತೂಗುಹಾಕಿ, ಪ್ರತಿಯೊಂದರಲ್ಲಿಯೂ ಆ ಊರನ್ನು ಹುಡುಕಿ ತೋರಿಸುವಂತೆ ಮಕ್ಕಳಿಗೆ ಹೇಳಬಹುದು.