ಹೃದಯಕ್ಕೆ ಸಿಕ್ಕ ಚುಚ್ಚುಮದ್ದು ಮಿದುಳಿಗೂ ಸಿಗಲಿ

ಹೃದಯ ಜ್ಯೋತಿ ಯೋಜನೆಗೆ ಸೇರಿದ ಒಂದು ತಾಲ್ಲೂಕು ಆಸ್ಪತ್ರೆಗೆ ಒಂದೇ ರಾತ್ರಿ ಇಬ್ಬರು ಬರುತ್ತಾರೆ ಎಂದುಕೊಳ್ಳೋಣ. ಒಬ್ಬರಿಗೆ ಎದೆನೋವು, ಮತ್ತೊಬ್ಬರಿಗೆ ಲಕ್ವಾ. ಎದೆನೋವಿನವರಿಗೆ ಕೂಡಲೇ ಇಸಿಜಿ ಆಗುತ್ತದೆ. ಅದು ಜಯದೇವ ಸಂಸ್ಥೆಯ ತಜ್ಞರ ಕಣ್ಣಿಗೆ ಬೀಳುತ್ತದೆ. ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಬಾಯಿ ಸೊಟ್ಟಗಾಗಿ, ಬಲಗೈ ಜೋತುಬಿದ್ದು ಬಂದವರಿಗೆ ಬಿಪಿ ನೋಡಿ, ಸಲೈನ್ ಹಚ್ಚಿ, ‘ಕಲಬುರಗಿಗೆ ಒಯ್ರಿ’ ಎಂದು ಚೀಟಿ ಬರೆದುಕೊಡುತ್ತಾರೆ. ಲಕ್ವಾ ಹೊಡೆದ ಹತ್ತು ಜನರಲ್ಲಿ ಏಳೆಂಟು ಮಂದಿಗೆ ಆಗಿರುವುದೂ ರಕ್ತನಾಳ ಕಟ್ಟಿಕೊಂಡ ತೊಂದರೆಯೇ. ಅವರಿಗೂ ಕೆಲಸಕ್ಕೆ ಬರುವುದು ಅದೇ ಔಷಧ, ಪ್ರಮಾಣ ಮಾತ್ರ ಬೇರೆ.

ಈ ತಾರತಮ್ಯಕ್ಕೆ ಒಂದು ನ್ಯಾಯವಾದ ಕಾರಣವಿದೆ. ಉಳಿದ ಎರಡು ಮೂರು ಮಂದಿಗೆ ಮಿದುಳಿನ ರಕ್ತನಾಳ ಒಡೆದು ರಕ್ತ ಸುರಿದಿರುತ್ತದೆ. ಅಂಥವರಿಗೆ ಈ ಚುಚ್ಚುಮದ್ದು ಕೊಟ್ಟರೆ ಪ್ರಾಣಕ್ಕೇ ಕುತ್ತು. ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದು ಹೊರಗಿನಿಂದ ನೋಡಿದರೆ ತಿಳಿಯದು, ಸಿಟಿ ಸ್ಕ್ಯಾನ್ ಆಗಲೇಬೇಕು. ರಾಜ್ಯದ ಸರ್ಕಾರಿ ವ್ಯವಸ್ಥೆಯಲ್ಲಿ ಸಿಟಿ ಯಂತ್ರ ಸಾಮಾನ್ಯವಾಗಿ ಸಿಗುವುದು ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ. ಹಾಗಾಗಿ ಯಾದಗಿರಿ ಜಿಲ್ಲೆಯ ಸುರಪುರದವರ ಪಾಲಿಗೆ ಲಕ್ವಾದ ಚಿಕಿತ್ಸೆ ಎಂದರೆ ಮೊದಲಿಗೆ ದಾರಿ ಸವೆಸುವ ಮಾತು.

ಆ ದಾರಿ ಸಣ್ಣದಲ್ಲ. ಸುರಪುರದಿಂದ ಶಹಾಪುರ ದಾಟಿ, ಭೀಮಾ ಸೇತುವೆ ಹಾದು ಯಾದಗಿರಿ ಸೇರಲು ಸುಮಾರು 60 ಕಿ.ಮೀ. ನಾರಾಯಣಪುರ ಜಲಾಶಯದ ಕಡೆಯ ಹಳ್ಳಿಗಳಿಂದ ಹೊರಟರೆ ನೂರರ ಹತ್ತಿರವಾಗುತ್ತದೆ. ಯಾದಗಿರಿಯಲ್ಲಿ ಆಗದೆಂದು ಕಲಬುರಗಿಗೋ ರಾಯಚೂರಿಗೋ ಕಳಿಸಿದರೆ ಮತ್ತೆ ಎಂಬತ್ತು ಕಿ.ಮೀ. ಆಸುಪಾಸು. ಹೊರಡುವ ಮುಂಚೆಯೇ ಮನೆಯಲ್ಲಿ ಹೊತ್ತು ಕಳೆದಿರುತ್ತದೆ. ಗಾಳಿ ಬಡಿದಿದೆ ಎಂದು ಎಣ್ಣೆ ತಿಕ್ಕುವುದು, ಪಾರಿವಾಳದ ನೆತ್ತರು ಹಚ್ಚುವುದು, ಬೆಳಗಾದರೆ ಸರಿಹೋಗಬಹುದು ಎಂದು ಮಲಗಿಸುವುದು ಇಂದಿಗೂ ನಿಂತಿಲ್ಲ. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ 51.83ರಷ್ಟಿದ್ದು, ರಾಜ್ಯದಲ್ಲೇ ಕಡೆಯ ಸ್ಥಾನದಲ್ಲಿದ್ದ ಜಿಲ್ಲೆಯ ಮಂದಿಯನ್ನು ಇದಕ್ಕಾಗಿ ಬೈಯುವುದು ಸುಲಭ. ಆದರೆ ಎದ್ದುಬಿದ್ದು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದವರಿಗೂ ಚೀಟಿ ಮಾತ್ರ ಸಿಗುವುದಾದರೆ, ಮುಂದಿನ ಸಲ ಓಡಿಬನ್ನಿ ಎಂದು ಹೇಳುವ ಅಧಿಕಾರ ವ್ಯವಸ್ಥೆಗೆ ಎಲ್ಲಿಂದ ಬರಬೇಕು?

ಹೊತ್ತಿನ ಬೆಲೆ ಎಷ್ಟೆಂಬುದಕ್ಕೆ ಲೆಕ್ಕವಿದೆ. ಇದೇ ಜಾತಿಯ ಹಳೆಯ ಔಷಧವಾದ ಆಲ್ಟೆಪ್ಲೇಸ್ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮೂರು ತಾಸಿನೊಳಗೆ ಚುಚ್ಚುಮದ್ದು ಪಡೆದ ನೂರು ಮಂದಿಯಲ್ಲಿ 33 ಜನ ಹೆಚ್ಚುಕಡಿಮೆ ಪೂರ್ತಿ ಚೇತರಿಸಿಕೊಂಡರು. ಪಡೆಯದವರಲ್ಲಿ 23 ಜನ. ಮೂರರಿಂದ ನಾಲ್ಕೂವರೆ ತಾಸಿನ ನಡುವೆ ಕೊಟ್ಟಾಗ ಈ ಅಂತರ ಐದಕ್ಕಿಳಿಯಿತು. ನಾಲ್ಕೂವರೆ ತಾಸು ಮೀರಿದರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ಟೆನೆಕ್ಟೆಪ್ಲೇಸ್ ಆಲ್ಟೆಪ್ಲೇಸ್‌ಗೆ ಸರಿಸಮಾನವೆಂದು ಕೆನಡಾದ ದೊಡ್ಡ ಅಧ್ಯಯನವೊಂದು 2022ರಲ್ಲಿ ತೋರಿಸಿಕೊಟ್ಟಿತು. ಹಳೆಯದನ್ನು ಒಂದು ತಾಸು ಹನಿಹನಿಯಾಗಿ ಬಿಡಬೇಕು. ಇದನ್ನು ಒಂದೇ ಬಾರಿಗೆ ಚುಚ್ಚಿದರೆ ಆಯಿತು. ಕೈ ಕಡಿಮೆ ಇರುವ ಆಸ್ಪತ್ರೆಗೆ ಇದಕ್ಕಿಂತ ಅನುಕೂಲ ಇನ್ನೇನಿದೆ! ಇಂಡಿಯಾದ ಕಂಪನಿಗಳೇ ಇದನ್ನು ತಯಾರಿಸುತ್ತಿವೆ.

ಯಾದಗಿರಿಯಂಥ ಕಡೆ ಇದೆಲ್ಲ ಆಗುವ ಮಾತೇ ಎಂಬ ಅನುಮಾನ ಸಹಜ. ಹಿಮಾಚಲ ಪ್ರದೇಶದಲ್ಲಿ ಆಗಿದೆ. 2014ರ ಹೊತ್ತಿಗೆ ಶಿಮ್ಲಾದ ಇಂದಿರಾ ಗಾಂಧಿ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಸಿಟಿ ಯಂತ್ರವಿದ್ದ ಜಿಲ್ಲಾ ಆಸ್ಪತ್ರೆಗಳ ವೈದ್ಯರಿಗೆ ತರಬೇತಿ ಕೊಟ್ಟರು. ರೋಗಿ ಬಂದಾಗ ಅಲ್ಲಿನ ವೈದ್ಯರು ಸ್ಕ್ಯಾನ್ ಚಿತ್ರವನ್ನು ಮೊಬೈಲ್‌ನಲ್ಲಿ ಕಳಿಸುವುದು, ಶಿಮ್ಲಾದಿಂದ ತಜ್ಞರು ಕೊಡಬಹುದು ಅಥವಾ ಬೇಡ ಎಂದು ಹೇಳುವುದು. 2016ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 26 ಮಂದಿಗೆ ಹೀಗೆ ಚಿಕಿತ್ಸೆ ದೊರೆತ ವಿವರವಿದೆ. ಸಂಖ್ಯೆ ಸಣ್ಣದು. ಆದರೆ ನರರೋಗ ತಜ್ಞರೇ ಇಲ್ಲದ ಗುಡ್ಡಗಾಡಿನ ಆಸ್ಪತ್ರೆಗಳಲ್ಲಿ ಸಾಮಾನ್ಯ ವೈದ್ಯರು ಕೊಟ್ಟ ಚಿಕಿತ್ಸೆ ಅದು. ಕರ್ನಾಟಕದಲ್ಲಿ ನಿಮ್ಹಾನ್ಸ್ ಜತೆಗೂಡಿ ಸರ್ಕಾರ ನಡೆಸುತ್ತಿರುವ ಮಿದುಳು ಆರೋಗ್ಯ ಕಾರ್ಯಕ್ರಮವಿದೆ, ಯಾದಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, 2008ರಿಂದ 108 ಆಂಬುಲೆನ್ಸ್ ಓಡುತ್ತಿದೆ. ಬಿಡಿಬಿಡಿಯಾಗಿರುವ ಇವನ್ನು ಒಂದು ದಾರಕ್ಕೆ ಪೋಣಿಸುವ ಕೆಲಸ ಬಾಕಿ.

ಚುಚ್ಚುಮದ್ದಿನಷ್ಟೇ ಮುಖ್ಯವಾದ, ಅದಕ್ಕಿಂತ ತುಂಬ ಅಗ್ಗವಾದ ಇನ್ನೊಂದು ಸಂಗತಿಯಿದೆ: ನುಂಗುವ ಪರೀಕ್ಷೆ. ಲಕ್ವಾ ಹೊಡೆದ ಎಷ್ಟೋ ಮಂದಿಯ ಗಂಟಲ ಸ್ನಾಯುಗಳೂ ಸೋತಿರುತ್ತವೆ. ಮೈಯಲ್ಲಿ ಶಕ್ತಿ ಇಲ್ಲವೆಂದು ಮನೆಯವರು ಪ್ರೀತಿಯಿಂದ ಚಹಾ, ಗಂಜಿ ಕುಡಿಸುತ್ತಾರೆ. ಅದು ಹೊಟ್ಟೆಗಿಳಿಯುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂರನೆಯ ದಿನಕ್ಕೆ ನ್ಯುಮೋನಿಯಾ. ರೋಗಿಯನ್ನು ನೆಟ್ಟಗೆ ಕೂರಿಸಿ, ಚಮಚದಲ್ಲಿ ಸ್ವಲ್ಪ ನೀರು ಕೊಟ್ಟು, ಕೆಮ್ಮುತ್ತಾರೆಯೇ, ಸ್ವರ ಒದ್ದೆಯಾಗುತ್ತದೆಯೇ ಎಂದು ನರ್ಸ್ ಗಮನಿಸಿದರೆ ಈ ಅಪಾಯವನ್ನು ಎಷ್ಟೋ ಪಾಲು ತಪ್ಪಿಸಬಹುದು. ಆಸ್ಟ್ರೇಲಿಯಾದ 19 ಆಸ್ಪತ್ರೆಗಳ ಅಧ್ಯಯನವೊಂದರಲ್ಲಿ ಜ್ವರ, ಸಕ್ಕರೆ, ನುಂಗುವಿಕೆ ಈ ಮೂರನ್ನೇ ನರ್ಸುಗಳು ಕಟ್ಟುನಿಟ್ಟಾಗಿ ನೋಡಿಕೊಂಡಾಗ ತೊಂಬತ್ತು ದಿನಗಳ ನಂತರ ಸಾವು ಮತ್ತು ಪರಾವಲಂಬನೆ ಎರಡೂ ಸೇರಿ ಗಣನೀಯವಾಗಿ ಇಳಿದದ್ದು 2011ರಲ್ಲಿ ವರದಿಯಾಯಿತು. ಇದಕ್ಕೆ ಹೊಸ ಕಟ್ಟಡ ಬೇಡ. ಶಹಾಪುರದ ವಾರ್ಡಿನಲ್ಲಿ ನಾಲ್ಕು ಹಾಸಿಗೆ, ತರಬೇತಾದ ನಾಲ್ಕು ನರ್ಸುಗಳಿಂದ ಶುರುಮಾಡಬಹುದು.

ಖರ್ಚಿನ ಮಾತು ಬಂದಾಗ ಸರ್ಕಾರ ಆಯುಷ್ಮಾನ್ ಕಾರ್ಡ್ ತೋರಿಸುತ್ತದೆ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊಡ್ಡ ಆಸರೆಯೇ ಸರಿ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯೊಳಗಿನ ದಿನಗಳಿಗೆ. ಲಕ್ವಾದ ನಿಜವಾದ ಖರ್ಚು ಶುರುವಾಗುವುದು ಮನೆಗೆ ಬಂದ ಮೇಲೆ. ಡೈಪರ್, ಬೆನ್ನು ಹುಣ್ಣಾಗದಂತೆ ಗಾಳಿ ಹಾಸಿಗೆ, ಪ್ರತಿ ತಿಂಗಳ ಗುಳಿಗೆ, ಫಿಸಿಯೊಥೆರಪಿಗೆಂದು ಪಟ್ಟಣಕ್ಕೆ ಹೋಗಿಬರಲು ಬಾಡಿಗೆ ಗಾಡಿ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದ ಮಗ ಊರಿಗೆ ಮರಳಬೇಕು, ಹತ್ತಿ ಬಿಡಿಸಲು ಹೋಗುತ್ತಿದ್ದ ಸೊಸೆ ಮನೆಯಲ್ಲಿ ಉಳಿಯಬೇಕು. ಒಬ್ಬರು ಹಾಸಿಗೆ ಹಿಡಿದರೆ ಮೂವರ ದುಡಿಮೆ ನಿಲ್ಲುತ್ತದೆ. ಈ ನಷ್ಟ ಯಾವ ಪ್ಯಾಕೇಜಿನಲ್ಲೂ ಇಲ್ಲ.

ಆರೈಕೆಯ ವ್ಯಾಯಾಮವನ್ನೆಲ್ಲ ಮನೆಯವರಿಗೇ ಕಲಿಸಿ ಕಳಿಸಿದರಾಯಿತು ಎಂಬ ಯೋಚನೆಯನ್ನೂ ಪರೀಕ್ಷಿಸಿ ನೋಡಲಾಗಿದೆ. ಇಂಡಿಯಾದ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮನೆಯವರು ತರಬೇತಿ ಪಡೆದ ಗುಂಪಿನಲ್ಲೂ ಪಡೆಯದ ಗುಂಪಿನಲ್ಲೂ ಆರು ತಿಂಗಳ ಹೊತ್ತಿಗೆ ಸತ್ತವರು ಅಥವಾ ಇನ್ನೊಬ್ಬರನ್ನೇ ಅವಲಂಬಿಸಿದವರು ಶೇ 47. ಏನೂ ವ್ಯತ್ಯಾಸವಿಲ್ಲ. ಯಾದಗಿರಿಯ ಯೋಜನೆ ಬರೆಯುವವರು ಈ ಫಲಿತಾಂಶವನ್ನು ಓದಲೇಬೇಕು. ಫಿಸಿಯೊಥೆರಪಿಸ್ಟರ ಹುದ್ದೆಯ ಖರ್ಚನ್ನು ಉಳಿಸಿ, ಆ ಹೊರೆಯನ್ನು ಮನೆಯ ಹೆಣ್ಣುಮಕ್ಕಳ ತಲೆಗೆ ಕಟ್ಟಿದರೆ ಲೆಕ್ಕಪತ್ರದಲ್ಲಿ ಉಳಿತಾಯ ಕಂಡೀತು, ರೋಗಿ ಎದ್ದು ನಡೆಯಲಾರ.

ಹೀಗೆ ಹಾಸಿಗೆ ಹಿಡಿದವರು ಜಿಲ್ಲೆಯಲ್ಲಿ ಎಷ್ಟು ಎಂದು ಮೊದಲು ಎಣಿಸಬೇಕು. ಲಕ್ವಾದ ಜನಸಂಖ್ಯಾಧಾರಿತ ನೋಂದಣಿಗೆ ಐಸಿಎಂಆರ್ ಆರಿಸಿಕೊಂಡ ಐದು ಕಡೆಗಳೆಂದರೆ ಕಟಕ್, ತಿರುನಲ್ವೇಲಿ, ಕೋಟಾ, ವಾರಾಣಸಿ ಮತ್ತು ಕಾಛಾರ್. ಇವುಗಳಲ್ಲಿ ಕರ್ನಾಟಕದ್ದು ಒಂದೂ ಇಲ್ಲ. ಸಾಮಾನ್ಯವಾಗಿ ಆಸ್ಪತ್ರೆಯ ದಾಖಲೆ ‘ಬಿಡುಗಡೆ’ ಎಂಬಲ್ಲಿಗೆ ಮುಗಿಯುತ್ತದೆ. ಮೂರು ತಿಂಗಳ ನಂತರ ಆ ಮನುಷ್ಯ ತಾನೇ ಬಟ್ಟೆ ಹಾಕಿಕೊಳ್ಳುತ್ತಾನೆಯೇ, ಬಯಲಿಗೆ ಒಬ್ಬನೇ ಹೋಗಿಬರುತ್ತಾನೆಯೇ ಎಂದು ಕೇಳುವವರಿಲ್ಲ. ಸಂಶೋಧಕರು ಇದನ್ನು ಸೊನ್ನೆಯಿಂದ ಆರರವರೆಗಿನ ಅಂಕಪಟ್ಟಿಯಲ್ಲಿ ಅಳೆಯುತ್ತಾರೆ: ಸೊನ್ನೆ ಎಂದರೆ ಯಾವ ತೊಂದರೆಯೂ ಇಲ್ಲ, ಆರು ಎಂದರೆ ಸಾವು. ಆಶಾ ಕಾರ್ಯಕರ್ತೆಗೆ ತಕ್ಕ ಭತ್ಯೆ ಕೊಟ್ಟರೆ ಕೆಲವೇ ಪ್ರಶ್ನೆಗಳಲ್ಲಿ ಆ ಅಂಕ ಸಿಗುತ್ತದೆ. ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗಕ್ಕೆ ಇದಕ್ಕಿಂತ ಹತ್ತಿರದ ಸಂಶೋಧನಾ ವಿಷಯ ಇರಲಾರದು.

ಲಕ್ವಾ ತರುವ ಕಾರಣಗಳಲ್ಲಿ ಅಧಿಕ ರಕ್ತದೊತ್ತಡವೇ ಎಲ್ಲಕ್ಕಿಂತ ದೊಡ್ಡದು ಎಂಬುದನ್ನೂ ಇಲ್ಲಿ ಹೇಳಬೇಕು. ಅದರ ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಸುಗ್ಗಿ ಮುಗಿಸಿ ಬೆಂಗಳೂರು, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವವರಿಗೆ ಮಾತ್ರ ಆ ಗುಳಿಗೆ ತಪ್ಪಿಹೋಗುತ್ತದೆ. ಹೊರಡುವಾಗಲೇ ಮೂರು ತಿಂಗಳಿನದ್ದನ್ನು ಒಟ್ಟಿಗೆ ಕೊಟ್ಟು ಕಳಿಸಲು ಯಾವ ಅಡ್ಡಿಯೂ ಇರಬಾರದು.

2025ರ ಜೂನ್‌ನಲ್ಲಿ ಕಲ್ಯಾಣ ಕರ್ನಾಟಕದ ‘ಆರೋಗ್ಯ ಆವಿಷ್ಕಾರ’ ಯೋಜನೆಗೆ ಚಾಲನೆ ಸಿಕ್ಕಿದ್ದು ಯಾದಗಿರಿಯಲ್ಲೇ. ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಅದರಲ್ಲಿ ಶಹಾಪುರಕ್ಕೊಂದು, ಸುರಪುರಕ್ಕೊಂದು ಹಗಲಿರುಳು ನಡೆಯುವ ಸಿಟಿ ಯಂತ್ರ, ಅದನ್ನು ನಡೆಸುವ ತಂತ್ರಜ್ಞರ ಸಂಬಳ, ಚಿತ್ರ ನೋಡಿ ರಾತ್ರಿ ಎರಡು ಗಂಟೆಗೂ ಉತ್ತರಿಸುವ ತಜ್ಞರ ಪಾಳಿ, ಮತ್ತು ಹೃದಯಾಘಾತಕ್ಕೆ ಇಟ್ಟ ಟೆನೆಕ್ಟೆಪ್ಲೇಸ್ ಪಕ್ಕದಲ್ಲೇ ಲಕ್ವಾಕ್ಕೂ ಬೇಕಾದ ದಾಸ್ತಾನು, ಇಷ್ಟಕ್ಕೆ ಮುಂದಿನ ಕ್ರಿಯಾಯೋಜನೆಯಲ್ಲಿ ಹಣ ತೆಗೆದಿಡಲಿ ಎಂದು ಜಿಲ್ಲೆಯ ಶಾಸಕರೆಲ್ಲರೂ ಮಂಡಳಿಯ ಮುಂದೆ ಕೂತು ಕೇಳಬೇಕು.